ಪಾಸ್‌ಬುಕ್ಕಿನ ಜಮಾ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹಾಡು ನಾಟಕಗಳ ನಡುವೆ ಲೆಕ್ಕಪತ್ರದ ಮಾತು ತಮಗೆ ರುಚಿಸಲಾರದೆಂದು ಬಲ್ಲೆ. ಆದರೂ ಊರು ಬಿಟ್ಟು ಮುಂಬಯಿಗೆ ಬಂದ ನಾವು ದುಡಿದು ಉಳಿಸಿದ್ದು ಒಂದಲ್ಲ ಒಂದು ಬ್ಯಾಂಕಿನಲ್ಲಿರುವುದರಿಂದ, ಸ್ವಲ್ಪ ಹೊತ್ತು ಸಹಿಸಿಕೊಳ್ಳಬೇಕೆಂದು ಪ್ರಾರ್ಥನೆ.

ಮೊನ್ನೆ ನಮ್ಮ ಕಟ್ಟಡದ ಹಿರಿಯರೊಬ್ಬರು ಪಾಸ್‌ಬುಕ್ಕು ಹಿಡಿದು ಬಂದರು. “ರಾಯರೇ, ಈ ಹಣ ನನ್ನದಷ್ಟೆ? ಬ್ಯಾಂಕಿನವರು ಇದನ್ನು ತಮ್ಮ ಸಾಲದ ಕಡೆ ಬರೆದುಕೊಳ್ಳುತ್ತಾರಂತೆ, ಅದೇಕೆ?” ಎಂದರು. ಪ್ರಶ್ನೆ ಬಲು ಸರಿಯಾದುದು. ಪಾಸ್‌ಬುಕ್ಕೆಂದರೆ ಬ್ಯಾಂಕಿನ ಖಾತೆಪುಸ್ತಕದಲ್ಲಿ ನಮ್ಮ ಹೆಸರಿನ ಪುಟದ ನಕಲು. ಅಲ್ಲಿ ‘ಜಮಾ’ ಎಂದು ಕಾಣುವುದು ಬ್ಯಾಂಕು ನಮಗೆ ಕೊಡಬೇಕಾದ ಬಾಕಿ. ಠೇವಣಿಯಿಟ್ಟಾಗ ನಾವು ಬ್ಯಾಂಕಿಗೆ ಸಾಲ ಕೊಟ್ಟಂತಾಯಿತು. ಅದರ ಬಹುಭಾಗ ಇನ್ನಾರಿಗೋ ಸಾಲವಾಗಿ ಹೋಗಿರುತ್ತದೆ; ಅವರು ತೀರಿಸಿದರೆ ನಮಗೂ ಉಂಟು.

ಇದರ ಅರ್ಥ ಈ ನಗರಕ್ಕೆ 2019ರ ಸೆಪ್ಟೆಂಬರಿನಲ್ಲಿ ಚೆನ್ನಾಗಿ ತಿಳಿಯಿತು. ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, ಒಬ್ಬ ಠೇವಣಿದಾರ 1,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದಿತು. ಮಿತಿಯನ್ನು ಆಮೇಲೆ ಮೆಲ್ಲಮೆಲ್ಲನೆ ಏರಿಸಿದರೆನ್ನಿ. ಕೊಟ್ಟ ಸಾಲದಲ್ಲಿ ಸೇಕಡ 70ಕ್ಕೂ ಮಿಕ್ಕಿದ್ದು ಕಟ್ಟಡ ಕಟ್ಟುವ ಒಂದೇ ಸಮೂಹಕ್ಕೆ ಹೋಗಿತ್ತು. ಅದನ್ನು ಮರೆಸಲು 21,000ಕ್ಕೂ ಹೆಚ್ಚು ಸುಳ್ಳು ಖಾತೆಗಳಿದ್ದುವೆಂದು ತನಿಖೆಯಲ್ಲಿ ಹೊರಬಿತ್ತು. ಪರಿಶೋಧಕರ ಸಹಿಯುಳ್ಳ ಅಢಾವೆ ಪತ್ರಿಕೆ ಮಾತ್ರ ವರ್ಷವರ್ಷವೂ ಬರುತ್ತಿತ್ತು! ಅದನ್ನು ಓದಿ ನಾವು ನೀವು ಮೋಸ ಹಿಡಿಯುವಂತಿರಲಿಲ್ಲ; ಲೆಕ್ಕಿಗನಾದ ನಾನೂ ಇದನ್ನು ಒಪ್ಪಬೇಕು. 2022ರ ಜನವರಿಯಲ್ಲಿ ಆ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ಸೇರಿತು. ದೊಡ್ಡ ಮೊತ್ತವಿಟ್ಟವರ ಉಳಿದ ಹಣಕ್ಕೆ 10 ವರ್ಷಗಳವರೆಗೆ ಕಾಯುವ ಏರ್ಪಾಡಾಯಿತು. ಎಪ್ಪತ್ತು ದಾಟಿದವರಿಗೆ 10 ವರ್ಷವೆಂದರೇನೆಂಬುದನ್ನು ತಾವೇ ಊಹಿಸಿರಿ.

ಹಾಗಾದರೆ ನಮಗೆ ಆಧಾರ ಯಾವುದು? ಠೇವಣಿ ವಿಮೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ಬಳಿಕ ಕಾನೂನಾಗಿ, 1962ರಲ್ಲಿ 1,500 ರೂಪಾಯಿಯ ವಿಮೆ ಆರಂಭವಾಯಿತು. 1993ರಿಂದ 1 ಲಕ್ಷವಿದ್ದ ಮಿತಿ 2020ರ ಫೆಬ್ರವರಿಯಲ್ಲಿ 5 ಲಕ್ಷವಾಯಿತು. ನಿರ್ಬಂಧ ಬಿದ್ದ ಬ್ಯಾಂಕಿನವರಿಗೆ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕೆಂದು 2021ರಲ್ಲಿ ತಿದ್ದುಪಡಿಯೂ ಬಂತು.

ಈ 5 ಲಕ್ಷದಲ್ಲಿ ಅಸಲು ಬಡ್ಡಿ ಎರಡೂ ಸೇರಿದುವು. ಒಬ್ಬರ ಹೆಸರಿನಲ್ಲಿ ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿರುವುದನ್ನು ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಬೇರೆ ಬ್ಯಾಂಕಿನಲ್ಲಿದ್ದರೆ ಬೇರೆ ವಿಮೆ. ಗಂಡ ಹೆಂಡಿರ ಜಂಟಿ ಖಾತೆಗೂ ಪ್ರತ್ಯೇಕ ಲೆಕ್ಕವುಂಟು. ಬ್ಯಾಂಕಿನ ಷೇರಿಗೆ ವಿಮೆಯಿಲ್ಲ. ನಮ್ಮವರು ಪ್ರೀತಿಯಿಂದ ಹಣವಿಡುವ ಪತಪೇಢಿಗಳಿಗೂ ಇಲ್ಲ, ಚೀಟಿಗೂ ಇಲ್ಲ. ಪತಪೇಢಿಯ ಹೆಸರಿನಲ್ಲಿ ‘ಸಹಕಾರಿ’ ಎಂದಿದ್ದ ಮಾತ್ರಕ್ಕೆ ಅದು ಬ್ಯಾಂಕಾಗಲಿಲ್ಲ. ನಿರ್ದೇಶಕರು ನಮ್ಮ ಊರವರೇ, ಮಾತು ಕನ್ನಡವೇ ಎಂಬ ಧೈರ್ಯದಿಂದ ಮಗಳ ಮದುವೆಯ ಗಂಟನ್ನೆಲ್ಲ ಅಲ್ಲಿಡುವವರನ್ನು ಕಂಡಿದ್ದೇನೆ.

ಆ ಹಿರಿಯರದು ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ನಾಲ್ಕು ನಾಲ್ಕು ಲಕ್ಷವಿತ್ತು. ಶಾಖೆ ಎರಡಾದ್ದರಿಂದ ವಿಮೆಯೂ ಎರಡೆಂದು ತಿಳಿದು ನಿಶ್ಚಿಂತೆಯಾಗಿದ್ದರು. ಒಂದರ ಅವಧಿ ಮುಗಿದೊಡನೆ ಅದನ್ನು ಬೇರೆ ಬ್ಯಾಂಕಿಗೆ ಒಯ್ಯುವುದೆಂದು ನಿಶ್ಚಯವಾಗಿದೆ. ಜೊತೆಗೆ ನಾನೂ ಹೋಗುವವನಿದ್ದೇನೆ. ಸಭೆ ಮುಗಿದ ಮೇಲೆ ಸ್ವಲ್ಪ ಹೊತ್ತು ಇಲ್ಲೇ ಇರುತ್ತೇನೆ. ರಸೀದಿ ತಂದವರಿದ್ದರೆ ಕೂತು ನೋಡೋಣ.