ದಯೆಯಿಂದ ಹಕ್ಕಿನ ಕಡೆಗೆ: ಕುದ್ಮುಲ್ ರಂಗರಾಯರ ಸೇವೆ

(ಉಪನ್ಯಾಸವೊಂದರ ಲೇಖನರೂಪ)



ಸಮಾಜಸೇವೆ ಎಂಬುದು ನಮ್ಮಲ್ಲಿ ಬಲು ಸಲೀಸಾಗಿ ಬಳಕೆಯಾಗುವ ಮಾತು. ಹಬ್ಬದ ದಿನ ಹಣ್ಣು ಹಂಚಿದವರೂ ಸಮಾಜಸೇವಕರೇ, ಬದುಕನ್ನೇ ಸವೆಸಿದವರೂ ಸಮಾಜಸೇವಕರೇ. ಇಬ್ಬರನ್ನೂ ಅಳೆಯಲು ಒಂದು ಪ್ರಶ್ನೆ ಕೇಳಿದರೆ ಸಾಕು: ಸೇವೆ ಪಡೆದವರು ಮುಂದೊಂದು ದಿನ ಯಾರ ಹಂಗೂ ಇಲ್ಲದೆ ನಿಲ್ಲುವಂತಾಯಿತೇ? ಈ ಪ್ರಶ್ನೆಗೆ ತಮ್ಮ ಇಡೀ ಜೀವನದ ಮೂಲಕ ಉತ್ತರ ಕೊಡಲು ಯತ್ನಿಸಿದವರು ಮಂಗಳೂರಿನ ಕುದ್ಮುಲ್ ರಂಗರಾಯರು (1859–1928).

ಅವರ ಕೆಲಸದ ಮಹತ್ವ ತಿಳಿಯಬೇಕಾದರೆ ಮೊದಲು ಧಾರವಾಡದಲ್ಲಿ ನಡೆದ ಒಂದು ಪ್ರಸಂಗವನ್ನು ನೆನೆಯಬೇಕು. 1856ರ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಅಲ್ಲಿನ ಸರ್ಕಾರಿ ಶಾಲೆಗೆ ಸೇರಲು ಬಯಸಿದ. ಎಲ್ಲರಂತೆ ಶುಲ್ಕ ಕೊಡಲೂ ಸಿದ್ಧನಿದ್ದ. ಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. ದೂರು ಮುಂಬಯಿ ಸರ್ಕಾರದವರೆಗೆ ಹೋಯಿತು. ನ್ಯಾಯ ಹುಡುಗನ ಕಡೆಗಿದೆ ಎಂದು ಸರ್ಕಾರ ಒಪ್ಪಿತು. ಆದರೆ ಒಬ್ಬನ ಸಲುವಾಗಿ ತಲೆತಲಾಂತರದ ನಂಬಿಕೆಯನ್ನು ಕೆಣಕಿದರೆ ವಿದ್ಯಾಪ್ರಸಾರಕ್ಕೇ ಧಕ್ಕೆ ಬಂದೀತೆಂದು ಕೈಚೆಲ್ಲಿತು. ಮುಂದೆ ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರತಕ್ಕದ್ದು ಎಂಬ ನಿಯಮವೇನೋ ಬಂತು. ನಿಯಮ ಕಾಗದದಲ್ಲಿ ಉಳಿಯಿತು, ಮಕ್ಕಳು ಹೊರಗೆ ಉಳಿದರು.

ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಆಗಿನ ದಕ್ಷಿಣ ಕನ್ನಡದ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಕಾಸರಗೋಡು ಸೀಮೆಯ ಕುದ್ಮುಲ್ ಗ್ರಾಮದ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ರಂಗರಾಯರು ಮಂಗಳೂರಿಗೆ ಬಂದು ಮೊದಲು ಶಿಕ್ಷಕರಾದರು, ಬಳಿಕ ವಕೀಲರಾದರು. 1870ರಲ್ಲೇ ಉಳ್ಳಾಲ ರಘುನಾಥಯ್ಯನವರ ಪ್ರಯತ್ನದಿಂದ ಆ ಊರಿನಲ್ಲಿ ಬ್ರಹ್ಮಸಮಾಜ ನೆಲೆಯೂರಿತ್ತು. ರಂಗರಾಯರು ಅದನ್ನು ಸೇರಿದರು. ದೇವರ ಮುಂದೆ ಎಲ್ಲರೂ ಸಮಾನರು ಎಂದು ಪ್ರಾರ್ಥನಾ ಮಂದಿರದಲ್ಲಿ ಒಪ್ಪಿಕೊಳ್ಳುವುದು ಕಷ್ಟವಲ್ಲ. ಅದನ್ನೇ ಬೀದಿಯಲ್ಲೂ ಬಾವಿಕಟ್ಟೆಯಲ್ಲೂ ಒಪ್ಪಬೇಕೆಂದು ಅವರು ಹಟ ಹಿಡಿದರು.

1892ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ಅವರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಶಾಲೆ ತೆರೆಯುವುದು ಒಂದು, ನಡೆಸುವುದು ಇನ್ನೊಂದು. ಈ ಮಕ್ಕಳನ್ನು ಮುಟ್ಟಿ ಪಾಠ ಹೇಳುವ ಉಪಾಧ್ಯಾಯರನ್ನು ಹುಡುಕುವುದೇ ಸಾಹಸವಾಯಿತು. ಮಕ್ಕಳು ಬರುವುದೂ ಸುಲಭವಿರಲಿಲ್ಲ. ದನ ಕಾಯುವ ಹುಡುಗ ಶಾಲೆಗೆ ಬಂದರೆ ಮನೆಯ ಗಂಜಿಗೆ ಕಡಿಮೆಯಾಗುತ್ತದೆ. ಒಡೆಯನ ಗದ್ದೆಯಲ್ಲಿ ದುಡಿಯುವ ತಂದೆ ಅವನ ಮಾತು ಮೀರಿ ಮಗನನ್ನು ಕಳಿಸಿದರೆ ಇರುವ ಗುಡಿಸಲೂ ಹೋದೀತು. ಅಕ್ಷರಕ್ಕೆ ಅಡ್ಡವಾಗಿ ನಿಂತದ್ದು ಹಸಿವು, ಕೂಲಿ ಮತ್ತು ನೆಲ ಎಂಬುದನ್ನು ರಂಗರಾಯರು ಬಹುಬೇಗ ಅರಿತರು.

ಅವರ ಮುಂದಿನ ಕೆಲಸಗಳೆಲ್ಲ ಈ ಅರಿವಿನಿಂದ ಹುಟ್ಟಿದವು. ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಟ್ಟರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನೇಯ್ಗೆ, ಮರಗೆಲಸಗಳ ತರಬೇತಿ ಆರಂಭವಾಯಿತು. ಒಡೆಯನ ಹಂಗಿನಿಂದ ಬಿಡಿಸಲು ಮನೆ ಕಟ್ಟಿಕೊಳ್ಳುವ ನೆಲ ಕೊಡಿಸಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಪ್ರಸಿದ್ಧ ಸಂಸ್ಥೆಯನ್ನು ಮುಂಬಯಿಯಲ್ಲಿ ಆರಂಭಿಸಿದ್ದು 1906ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲೇ ಮಂಗಳೂರು ಈ ದಾರಿ ಹಿಡಿದಿತ್ತು.

ಇದಕ್ಕೆ ರಂಗರಾಯರು ತೆತ್ತ ಬೆಲೆ ಸಣ್ಣದಲ್ಲ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರಿಕನಾಗಲಿ ಅಗಸನಾಗಲಿ ಅವರ ಮನೆಗೆ ಬರದಂತೆ ಮಾಡಿದರು. ಬಹಿಷ್ಕಾರವೆಂದರೆ ಏನೆಂಬುದನ್ನು, ಹುಟ್ಟಿನಿಂದಲೇ ಅದನ್ನು ಉಣ್ಣುತ್ತಿದ್ದ ಜನರ ಪಕ್ಕದಲ್ಲಿ ನಿಂತು ಅವರು ತಾವೂ ಅನುಭವಿಸಿದರು. ಆದರೂ ಅಂಜಲಿಲ್ಲ. 1912ರಲ್ಲಿ ಮಗಳು ರಾಧಾಬಾಯಿಯವರ ವಿವಾಹ ಬೇರೆ ಜಾತಿಯ, ಬೇರೆ ಭಾಷೆಯ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಈ ಸುಬ್ಬರಾಯನ್ 1926ರಲ್ಲಿ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪರವಾಗಿ ಕುಳಿತರು. ಊರಿಗೆ ಹೇಳಿದ್ದನ್ನು ರಂಗರಾಯರು ಮನೆಯಲ್ಲೂ ನಡೆಸಿ ತೋರಿಸಿದ್ದರು.

ಅವರ ಕಾರ್ಯದಲ್ಲಿ ಹೆಚ್ಚು ಗಮನಕ್ಕೆ ಬಾರದ ಅಂಶ ಇನ್ನೊಂದಿದೆ. ಪುರಸಭೆ, ಜಿಲ್ಲಾ ಬೋರ್ಡುಗಳಲ್ಲಿ ದಲಿತರಿಗೂ ಸ್ಥಾನ ಸಿಗಬೇಕೆಂದು ಅವರು ವಾದಿಸಿದರು. ಬಾವಿ ಎಲ್ಲಿ ತೋಡಬೇಕು, ರಸ್ತೆ ಯಾವ ಕೇರಿಗೆ ಹೋಗಬೇಕು, ಶಾಲೆಗೆ ಎಷ್ಟು ಹಣ ಎಂಬುದೆಲ್ಲ ತೀರ್ಮಾನವಾಗುತ್ತಿದ್ದದ್ದು ಆ ಕೋಣೆಗಳಲ್ಲಿ. ಅಲ್ಲಿ ದಲಿತರ ಪರವಾಗಿ ತಾವೊಬ್ಬರೇ ಮಾತನಾಡಿದರೆ ಸಾಲದು, ದಲಿತರೇ ಕುಳಿತು ಮಾತನಾಡಬೇಕೆಂದು ಈ ವಕೀಲರು ಬಯಸಿದರು. ಸೇವೆಗೂ ವಕಾಲತ್ತಿಗೂ ಇರುವ ಸಂಬಂಧ ಇಲ್ಲಿ ಸ್ಪಷ್ಟವಾಗುತ್ತದೆ. ಒಳ್ಳೆಯ ವಕೀಲ ಕಕ್ಷಿದಾರನ ಮೊಕದ್ದಮೆಯನ್ನು ತನ್ನದೆಂದು ಭ್ರಮಿಸುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಮೇಲುಜಾತಿಯವರು ಕೆಳಗಿನವರನ್ನು ಎತ್ತುವುದೆಂದರೆ, ಎತ್ತುವವನು ಮೇಲೆಯೇ ಉಳಿದನಲ್ಲವೇ? ಈ ಪ್ರಶ್ನೆ ನ್ಯಾಯವಾದದ್ದು. 1927ರಲ್ಲಿ ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದಾಗ, ಹೋರಾಟದ ಮುಂದಾಳತ್ವ ಯಾರದಾಗಿರಬೇಕೆಂಬುದು ದೇಶಕ್ಕೆ ತಿಳಿಯಿತು. ರಂಗರಾಯರು ತೀರಿಕೊಂಡದ್ದು ಅದರ ಮರುವರ್ಷ, 1928ರ ಜನವರಿ 30ರಂದು. ಅವರ ಕಾಲ ಮುಗಿದು ಬೇರೊಂದು ಕಾಲ ಆರಂಭವಾಗಿತ್ತು.

ಆದರೆ ಆ ಕಾಲವನ್ನು ಅವರು ಮುಂಚೆಯೇ ಬಯಸಿದ್ದರೆಂಬುದಕ್ಕೆ ಅವರ ಹೆಸರಿನಲ್ಲಿ ಇಂದಿಗೂ ಜನಜನಿತವಾಗಿರುವ ಆಸೆಯೊಂದು ಸಾಕ್ಷಿ. ದಲಿತ ಮಗುವೊಂದು ಓದಿ, ಸರ್ಕಾರಿ ನೌಕರಿ ಹಿಡಿದು, ತನ್ನೂರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಏಳುವ ದೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಆ ಆಸೆ. ಕಾರಿನೊಳಗೆ ಯಾರಿದ್ದಾರೆ, ರಸ್ತೆಯ ಬದಿಯಲ್ಲಿ ಯಾರು ನಿಂತಿದ್ದಾರೆ ಎಂಬುದನ್ನು ನೋಡಬೇಕು. ಕೃತಜ್ಞತೆಯ ಮಾತು ಅದರಲ್ಲಿಲ್ಲ. ಆ ಮಗು ಕಾರು ನಿಲ್ಲಿಸಿ ನಮಸ್ಕರಿಸಲಿ ಎಂದು ಅವರು ಕೇಳಲಿಲ್ಲ.

1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯ ಅಂಗವಾಗಿ ಮಂಗಳೂರಿಗೆ ಬಂದಾಗ ರಂಗರಾಯರ ಸಂಸ್ಥೆಯನ್ನು ಕಂಡು ಹೋದರು. ಇಂದು ನಗರದ ಪುರಭವನಕ್ಕೆ ಅವರ ಹೆಸರಿದೆ. ಇವೆಲ್ಲ ಗೌರವದ ಕುರುಹುಗಳು. ಅವರ ಕೆಲಸದ ನಿಜವಾದ ಮುಂದುವರಿಕೆಯನ್ನು ಬೇರೆಡೆ ಹುಡುಕಬೇಕು. ಒಬ್ಬ ವಕೀಲರು ಸ್ವಂತ ಪ್ರಯತ್ನದಿಂದ ಮಕ್ಕಳಿಗೆ ಕೊಟ್ಟ ಮಧ್ಯಾಹ್ನದ ಊಟ, 2002ರಲ್ಲಿ ಅಕ್ಷರ ದಾಸೋಹ ಎಂಬ ಹೆಸರಿನಲ್ಲಿ ಕರ್ನಾಟಕ ಸರ್ಕಾರದ ಹೊಣೆಯಾಯಿತು. ಕರಾವಳಿಯ ಕೊರಗರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನು ಬಂತು. ರಂಗರಾಯರು ತೀರಿಕೊಂಡು ಆಗ 72 ವರ್ಷ ಕಳೆದಿತ್ತು. ದಯೆ ಹಕ್ಕಾಗಿ ಮಾರ್ಪಡಲು ಎಷ್ಟು ಕಾಲ ಬೇಕೆಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಕಾನೂನು ಬಂದಲ್ಲಿಗೆ ಕೆಲಸ ಮುಗಿಯುವುದಿಲ್ಲ ಎಂಬ ಪಾಠವನ್ನು ಧಾರವಾಡದ ಆ ಹುಡುಗನ ಕಾಲದ ನಿಯಮ ಆಗಲೇ ಕಲಿಸಿದೆ. ಅದನ್ನು ಕಾಗದದಿಂದ ಕೇರಿಗೆ ತರುವವರು ಪ್ರತಿ ತಲೆಮಾರಿನಲ್ಲೂ ಬೇಕಾಗುತ್ತಾರೆ.