ನೆರವು ಹಂಚುವವರಿಗೆ ತರಬೇತಿ



ವರಾಛಾದಲ್ಲಿ ವಜ್ರದ ಕೆಲಸ ನಿಂತುಹೋದ ಮನೆಗಳಿಗೆ ಪಡಿತರದ ಚೀಟಿ ಬರೆಯುವ ಸ್ವಯಂಸೇವಕನ ಕೈಯಲ್ಲಿ ಒಂದು ಕುಟುಂಬದ ಅನ್ನವಿರುತ್ತದೆ. ಶೋಷಣೆಗೆ ಎಡೆಯಾಗುವುದು ಅಲ್ಲಿಯೇ. ಲೆಕ್ಕಪರಿಶೋಧಕರು ಗೋಧಿಯ ಪ್ರತಿ ಚೀಲಕ್ಕೂ ರಸೀದಿ ಕೇಳುತ್ತೇವೆ. ಹಂಚಿದವನ ಮೇಲಿನ ದೂರಿಗೆ ಮಾತ್ರ ದಾಖಲೆ ಪುಸ್ತಕವೇ ಇರುವುದಿಲ್ಲ!

ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರಸ್ಟುಗಳಿಗೂ ಅನ್ವಯಿಸುತ್ತದೆ. ಸಂಬಳವಿಲ್ಲದ ಸೇವಕರೂ ಅದರ ಲೆಕ್ಕಕ್ಕೆ ಬರುತ್ತಾರೆ. ಹತ್ತು ಮಂದಿ ದುಡಿಯುವಲ್ಲಿ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಕಡ್ಡಾಯ. ದೂರುವವಳು ನೌಕರಳೇ ಆಗಿರಬೇಕೆಂದಿಲ್ಲ. ಬಾಧಿತಳು ಬಾಲಕಿಯಾದರೆ ಪೊಲೀಸರಿಗೆ ತಿಳಿಸಲೇಬೇಕು. ‘ಸಂಘದ ಮಾನ’ ಎಂಬ ನೆಪ ಅಲ್ಲಿ ನಡೆಯದು.

ಇದೇ ಸೂರತ್‌ನಲ್ಲಿ 2017ರ ಅತ್ಯಾಚಾರ ಪ್ರಕರಣವೊಂದರಲ್ಲಿ ನಮ್ಮ ಮುನಿಯೊಬ್ಬರಿಗೆ 2025ರಲ್ಲಿ 10 ವರ್ಷಗಳ ಶಿಕ್ಷೆಯಾಯಿತು.

ಮುಂದಿನ ವಿತರಣೆಗೆ ಮೊದಲೇ ತರಬೇತಿ ನಡೆಯಲಿ. ಮನೆ ಭೇಟಿಗೆ ಇಬ್ಬರು ಹೋಗಲಿ. ಪ್ರತಿ ಚೀಟಿಯ ಹಿಂಬದಿಯಲ್ಲಿ ಸಮಿತಿಯ ಮಹಿಳೆಯೊಬ್ಬರ ದೂರವಾಣಿ ಸಂಖ್ಯೆ ಗುಜರಾತಿಯಲ್ಲಿ ಅಚ್ಚಾಗಲಿ.