ಹೊರಟು ನಿಲ್ಲುವ ಮೋಟಾರು



ಹಳೆಯ ಮೋಟಾರು ಕಾರನ್ನು ಇಟ್ಟುಕೊಂಡಿರುವವರಿಗೆ, ಅದು ಹೊರಡದೆ ಮುಷ್ಕರ ಹೂಡುವ ದಿನಕ್ಕಿಂತ, ಹೊರಟು ಸ್ವಲ್ಪ ಹೊತ್ತಿನಲ್ಲೇ ನಿಂತುಹೋಗುವ ದಿನ ಹೆಚ್ಚು ಕಷ್ಟದ್ದು. ಹೊರಡದ ಕಾರು ಮನೆಯಲ್ಲಿಯೇ ಉಳಿಯುತ್ತದೆ. ಹೊರಟು ನಿಲ್ಲುವ ಕಾರು ನಮ್ಮನ್ನು ನಡುದಾರಿಯಲ್ಲಿ ಬಿಡುತ್ತದೆ. ಅದನ್ನು ರಿಪೇರಿಯವನ ಮುಂದೆ ತಂದು ನಿಲ್ಲಿಸಿದರೆ, ತನಗೆ ಏನೂ ಆಗಿಲ್ಲವೆಂಬಂತೆ ಓಡಿ ತೋರಿಸುವುದೂ ಉಂಟು. ಈ ರೋಗದ ನಿದಾನವನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದಿದ್ದೇವೆ. ನಾವಿಲ್ಲಿ ಹಳೆಯ ಕಾರು ಎನ್ನುವುದು ಕಾರ್ಬ್ಯುರೇಟರೂ ಸಿ.ಬಿ. ಪಾಯಿಂಟೂ ಉಳ್ಳ ಕಾರನ್ನು. ೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಡರಿನ ಹಳೆಯ ಪೆಟ್ರೋಲು ಮಾದರಿಗಳು ಈ ಜಾತಿಗೆ ಸೇರಿದವು.

ಎಂಜಿನು ಓಡಬೇಕಾದರೆ ಗಾಳಿ, ಪೆಟ್ರೋಲು, ಕಿಡಿ ಈ ಮೂರೂ ಬೇಕು. ಒಮ್ಮೆ ಹೊರಟಿತೆಂದ ಮೇಲೆ ಮೂರೂ ಆ ಕ್ಷಣದಲ್ಲಿ ಇದ್ದವೆಂದೇ ಅರ್ಥ. ಆದುದರಿಂದ ಇಲ್ಲದಿರುವುದು ಯಾವುದು ಎಂದು ಕೇಳುವುದಕ್ಕಿಂತ, ಇದ್ದದ್ದು ಯಾವಾಗ ತಪ್ಪಿತು ಎಂದು ಕೇಳುವುದೇ ಸರಿಯಾದ ಕ್ರಮ. ವೈದ್ಯನು ನಾಡಿ ಹಿಡಿಯುವ ಮುನ್ನ ಜ್ವರ ಯಾವ ಹೊತ್ತಿಗೆ ಬರುತ್ತದೆಂದು ವಿಚಾರಿಸುವುದಿಲ್ಲವೆ? ಆದರೆ ನಮ್ಮಲ್ಲಿ ಬಹುಮಂದಿ ಗಡಿಯಾರವನ್ನು ನೋಡುವ ಮೊದಲು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುತ್ತಾರೆ.

ಕೀಲಿಕೈಯನ್ನು ತಿರುಗಿಸಿ ಹಿಡಿದಿರುವವರೆಗೆ ಓಡಿ, ಕೈಬಿಟ್ಟೊಡನೆ ನಿಂತರೆ, ಪೆಟ್ರೋಲಿನ ಗೊಡವೆಗೆ ಹೋಗಬೇಕಾಗಿಲ್ಲ. ಕೆಲವು ಕಾರುಗಳಲ್ಲಿ ಎಂಜಿನನ್ನು ಹೊರಡಿಸುವಾಗ ಬ್ಯಾಟರಿಯ ಪೂರ್ಣ ವಿದ್ಯುತ್ತು ನೇರವಾಗಿ ಕಾಯಿಲಿಗೆ ಹೋಗುತ್ತದೆ. ಹೊರಟ ಮೇಲೆ ಬ್ಯಾಲಸ್ಟ್ ರೆಸಿಸ್ಟರೆಂಬ ಒಂದು ತುಂಡಿನ ಮೂಲಕ ತಗ್ಗಿ ಹೋಗುತ್ತದೆ. ಆ ತುಂಡು ಸುಟ್ಟಿದ್ದರೆ ಎರಡನೆಯ ದಾರಿ ಮುಚ್ಚಿದಂತೆಯೇ. ಆ ತುಂಡೇ ಇಲ್ಲದ ಕಾರಿನಲ್ಲಿ ಕೀಲಿಯ ಸ್ವಿಚ್ಚು ಸವೆದಿರಬಹುದು.

ಅರ್ಧ ನಿಮಿಷ, ಒಂದು ನಿಮಿಷ ಚೆನ್ನಾಗಿ ಓಡಿ ನಿಂತರೆ ಕಥೆಯೇ ಬೇರೆ. ಕಾರ್ಬ್ಯುರೇಟರಿನ ಪಕ್ಕದಲ್ಲಿ ಒಂದು ಸಣ್ಣ ಬಟ್ಟಲಿದೆ. ರಾತ್ರಿಯೆಲ್ಲ ಅದರಲ್ಲಿ ನಿಂತಿದ್ದ ಪೆಟ್ರೋಲು ಎಂಜಿನನ್ನು ಹೊರಡಿಸುತ್ತದೆ. ಅದು ಮುಗಿಯುವ ಹೊತ್ತಿಗೆ ಹಿಂದಿನಿಂದ ಬರಬೇಕಾದದ್ದು ಬಂದಿರುವುದಿಲ್ಲ. ಪಂಪಿನೊಳಗಣ ಪೊರೆ ಹರಿದಿರಬಹುದು, ಜಾಲರಿಯಲ್ಲಿ ಕಸ ಕಟ್ಟಿರಬಹುದು, ರಬ್ಬರು ನಳಿಕೆ ಬಿರಿದು ಪೆಟ್ರೋಲಿಗೆ ಬದಲಾಗಿ ಗಾಳಿಯನ್ನು ಎಳೆಯುತ್ತಿರಬಹುದು. ೨೦೨೫ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ ೨೦ರಷ್ಟು ಎಥನಾಲು ಬೆರೆತಿತು. ಹಳೆಯ ಕಾಲದ ರಬ್ಬರಿಗೆ ಇದು ಒಗ್ಗುವುದಿಲ್ಲ. ಆದುದರಿಂದ ನಳಿಕೆಗಳನ್ನು ಬಗ್ಗಿಸಿ ನೋಡುವ ಅಭ್ಯಾಸ ಒಳ್ಳೆಯದು. ತಣ್ಣಗಿರುವಾಗ ಮಾತ್ರ ನಿಂತು, ಬಿಸಿಯಾದ ಮೇಲೆ ಸರಿಯಾಗಿ ಓಡುವ ಕಾರಿಗೆ ಚೋಕನ್ನು ನೋಡಿದರೆ ಸಾಮಾನ್ಯವಾಗಿ ಸಾಕು.

ನಿಜವಾಗಿ ಬುದ್ಧಿಗೆ ಕೆಲಸ ಕೊಡುವುದು ಐದಾರು ಮೈಲಿ ಓಡಿ ನಿಂತು, ಹತ್ತು ನಿಮಿಷ ವಿಶ್ರಾಂತಿ ಪಡೆದು, ಮತ್ತೆ ಹೊರಡುವ ಕಾರು. ಇಂತಹದೊಂದು ಅಂಬಾಸಡರು ನಮ್ಮ ಮನೆಯಲ್ಲಿಯೇ ಇದೆ; ನಮ್ಮ ತಂದೆಯವರು ಕೊಂಡದ್ದು. ರಿಪೇರಿಯವರೊಬ್ಬರು ಕಾಯಿಲನ್ನು ಬದಲಿಸಿದರು; ಬಳಿಕ ಕಂಡೆನ್ಸರನ್ನು ಹಾಕಿ, ಪಾಯಿಂಟಿನ ಸಂದನ್ನು ಅಂಗುಲದ ಸಾವಿರದಲ್ಲಿ ಹದಿನೈದು ಭಾಗಕ್ಕೆ ಸರಿಪಡಿಸಿದರು. ಇವರ ಊಹೆ ತಪ್ಪಲ್ಲ. ಬಿಸಿಯೇರಿದಾಗ ಕಾಯಿಲಿನ ಒಳಸುತ್ತು ಕಡಿದು, ತಣಿದಾಗ ಕೂಡಿಕೊಳ್ಳುವುದುಂಟು. ಕಂಡೆನ್ಸರಿಗೂ ಇದೇ ಚಾಳಿ. ಆದರೂ ಕಾರು ನಿಲ್ಲುವುದು ತಪ್ಪಲಿಲ್ಲ. ಪೆಟ್ರೋಲು ಪಂಪಿನಲ್ಲಿಯೇ ಕುದಿದು ಆವಿಯಾಗುತ್ತಿದೆಯೆಂದು ಮತ್ತೊಬ್ಬರು ಹೇಳಿದರು. ಘಾಟಿ ಹತ್ತುವ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕಾಗಿಯೇ. ನಾವೂ ಸುತ್ತಿದೆವು, ಬಟ್ಟೆ ಒಣಗಿತು, ಕಾರು ನಿಂತಿತು. ಕೊನೆಗೆ ಎಂಜಿನನ್ನೇ ಬಿಚ್ಚಬೇಕೆಂಬ ಸಲಹೆ ಬಂದಿತು. ಅದಕ್ಕೆ ಆಗುವ ಖರ್ಚನ್ನು ಕೇಳಿದ ಮೇಲೆ, ಕಾರನ್ನು ಗುಜರಿಗೆ ಕೊಡುವ ಮಾತು ಮನೆಯಲ್ಲಿ ಮೊದಲ ಸಲ ಹುಟ್ಟಿತು. ತಂದೆಯವರು ಏನೂ ಹೇಳಲಿಲ್ಲ. ಆ ದಿನ ಕಾರನ್ನು ತಾವೇ ಒರೆಸಿದರು.

ಆಗ ನಾವು ಮೊದಲೇ ಮಾಡಬೇಕಾಗಿದ್ದ ಕೆಲಸಕ್ಕೆ ಕೈಹಾಕಿದೆವು. ಒಂದು ಪುಸ್ತಕದಲ್ಲಿ ದಿನದಿನವೂ ಬರೆದಿಟ್ಟೆವು: ಎಷ್ಟು ದೂರ ಓಡಿತು, ಹೇಗೆ ನಿಂತಿತು, ಟ್ಯಾಂಕಿನಲ್ಲಿ ಎಷ್ಟಿತ್ತು. ಕಿಡಿ ತಪ್ಪಿದ ಎಂಜಿನು ಸಾಮಾನ್ಯವಾಗಿ ದೀಪ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ. ನಮ್ಮದು ಹಾಗೆ ನಿಲ್ಲುತ್ತಿರಲಿಲ್ಲ. ಕೆಮ್ಮುತ್ತ, ಮುಗ್ಗರಿಸುತ್ತ, ಹಸಿದವನಂತೆ ನಿಲ್ಲುತ್ತಿತ್ತು. ಒಮ್ಮೆ ನಿಂತ ಜಾಗದಲ್ಲಿಯೇ ಡಿಸ್ಟ್ರಿಬ್ಯೂಟರಿನ ನಡುವಣ ದಪ್ಪ ತಂತಿಯನ್ನು ಕಿತ್ತು, ಒಣಗಿದ ಮರದ ಚಿಮುಟಿಗೆಯಲ್ಲಿ ಹಿಡಿದು, ಎಂಜಿನಿನ ಲೋಹದಿಂದ ಕಾಲು ಅಂಗುಲ ದೂರದಲ್ಲಿ ಇರಿಸಿ ಸ್ಟಾರ್ಟರನ್ನು ತಿರುಗಿಸಿದೆವು. ನೀಲಿಯ ಕಿಡಿ ಚಟಚಟನೆ ಹಾರಿತು. ಅಂದರೆ ಕಾಯಿಲೂ ಕಂಡೆನ್ಸರೂ ನಿರಪರಾಧಿಗಳು. ಈ ಪರೀಕ್ಷೆಯನ್ನು ಪೆಟ್ರೋಲು ಸೋರುತ್ತಿರುವಾಗಲಾಗಲಿ, ನಳಿಕೆ ಬಿಚ್ಚಿರುವಾಗಲಾಗಲಿ ಎಂದಿಗೂ ಮಾಡಕೂಡದು. ಮುಚ್ಚಿದ ಷೆಡ್ಡಿನೊಳಗೆ ಎಂಜಿನನ್ನು ಓಡಿಸುತ್ತ ಕೂರುವುದೂ ಬೇಡ. ಹೊಗೆಯೊಡನೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣವನ್ನೇ ತೆಗೆಯಬಲ್ಲುದು.

ಪುಸ್ತಕವನ್ನು ಎರಡು ವಾರ ಬರೆದ ಮೇಲೆ ಒಂದು ವಿಚಿತ್ರ ಕಂಡಿತು. ಟ್ಯಾಂಕು ತುಂಬಿಸಿದ ದಿನ ಕಾರು ಬೇಗ ನಿಲ್ಲುತ್ತಿತ್ತು. ಪೆಟ್ರೋಲು ಕಡಮೆಯಿದ್ದ ದಿನ ಹೆಚ್ಚು ದೂರ ಓಡುತ್ತಿತ್ತು. ಪೆಟ್ರೋಲು ಹೊರಕ್ಕೆ ಹೋದಷ್ಟೂ ಆ ಜಾಗಕ್ಕೆ ಗಾಳಿ ಒಳಕ್ಕೆ ಬರಬೇಕಷ್ಟೆ. ಬಾರದಿದ್ದರೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಇಳಿಯುತ್ತ ಹೋಗಿ, ಪಂಪು ಎಷ್ಟು ಎಳೆದರೂ ಪೆಟ್ರೋಲು ಮೇಲೇರದು. ತುಂಬಿದ ಟ್ಯಾಂಕಿನಲ್ಲಿ ಗಾಳಿಗಿರುವ ಎಡೆ ಸ್ವಲ್ಪವಾದ್ದರಿಂದ ಈ ಸ್ಥಿತಿ ಬೇಗ ಬರುತ್ತದೆ. ನಿಂತಿರುವಾಗ ಎಲ್ಲಿಂದಲೋ ಅಷ್ಟಿಷ್ಟು ಗಾಳಿ ಜಿನುಗಿದರೆ ಕಾರು ಮತ್ತೆ ಹೊರಡುತ್ತದೆ.

ಮಾರನೆಯ ಸಲ ಅದು ನಿಂತಾಗ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದೆವು. ಬುಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಕೆಲವು ತಿಂಗಳ ಹಿಂದೆ ಮೂಲದ ಮುಚ್ಚಳ ಕಳೆದುಹೋಗಿ, ಅಂಗಡಿಯಿಂದ ಹೊಸದೊಂದನ್ನು ತಂದು ಹಾಕಿದ್ದೆವು. ಅದಕ್ಕೆ ಗಾಳಿ ಹೋಗುವ ರಂಧ್ರವೇ ಇರಲಿಲ್ಲ. ರಂಧ್ರವುಳ್ಳ ಮುಚ್ಚಳವೊಂದನ್ನು ಹುಡುಕಿ ತಂದು ಹಾಕಿದ ಮೇಲೆ ಕಾರು ದಾರಿಯಲ್ಲಿ ನಿಂತಿಲ್ಲ. ವೃಥಾ ತೆಗೆಸಿದ ಹಳೆಯ ಕಾಯಿಲು ಡಿಕ್ಕಿಯಲ್ಲಿದೆ. ಅದೂ ಸುಸ್ಥಿತಿಯಲ್ಲಿಯೇ ಇದೆ.